ಎಡಗಿವಿ

ಲೀಕ್ ಊರಿನ ಇಳಿಜಾರು ಬೀದಿ, ಕೊನೆಯ ಮನೆ.
ಹೋರೇಸ್ ಕಾರ್ಟ್‌ಲಿಜ್ ಬಾಗಿಲು ತೆರೆದವರೇ
'ಬನ್ನಿ' ಅನ್ನುವ ಮೊದಲು
'ಕೈಚೀಲ ಹೊರಗಿಡಿ' ಅಂದರು.
ಯಾರದೋ ಚೀಲದ ಪಟ್ಟಿ ತಗುಲಿ
ಎಂಬತ್ತಾರರಲ್ಲಿ ಒಂದು ಬಾಲ ಹೋಗಿತ್ತಂತೆ.

ಅರವತ್ತಮೂರು ಬೆಕ್ಕು.
ಕಪಾಟಿನಲ್ಲಿ, ಕಿಟಕಿಯ ಹಲಗೆಯಲ್ಲಿ,
ಯಾರೂ ನುಡಿಸದ ಪಿಯಾನೋದ ಮೇಲೆ,
ಮೆಟ್ಟಿಲಿಗೊಂದರಂತೆ ಗೋಡೆಗೆ ಆತು.
ಹರಾಜಿನವರ ಪಟ್ಟಿಯಲ್ಲಿ ಬರೆಯುತ್ತ ಹೋದೆ:
ಸಂಖ್ಯೆ, ಎತ್ತರ, ಸೀಳು, ದುರಸ್ತಿ.

'ನಾಯಿಗಳಾದರೆ ಎಲ್ಲರ ಮನೆಯಲ್ಲೂ' ಅಂದರು,
'ಒಲೆಗೂಡಿನ ಮೇಲೆ ಜೋಡಿಜೋಡಿ,
ಪಾದ್ರಿಯ ಮುಂದೆ ನಿಂತ ಹಾಗೆ.
ಬೆಕ್ಕು ಮಾಡಿದವರು ಕಡಿಮೆ.
ಮಾಡಿದವರೂ ಬೆಕ್ಕನ್ನು ಸರಿಯಾಗಿ ನೋಡಿರಲಿಲ್ಲ.'
ನಿಜ. ಒಂದಕ್ಕೆ ಶಾಲೆಯ ಮಾಸ್ತರರ ಹುಬ್ಬು,
ಇನ್ನೊಂದಕ್ಕೆ ಬಾಡಿಗೆ ಕೇಳಲು ಬಂದವಳ ತುಟಿ.
ಉಪ್ಪಿನ ಮೆರುಗಿನದೊಂದರ ಮೈ ಕಿತ್ತಳೆಯ ಸಿಪ್ಪೆ.
ಕಂದು ಬೆಕ್ಕೊಂದರ ಹೊಟ್ಟೆಯಡಿ
ಒಂದು ಬೆರಳಚ್ಚು,
ನನ್ನ ಕಿರುಬೆರಳಿನ ಅರ್ಧ.
ಸುಟ್ಟಾಗ ಮಣ್ಣು ಕುಗ್ಗುತ್ತದೆ, ಅದನ್ನು ಲೆಕ್ಕ ಹಿಡಿದರೂ
ವಯಸ್ಸು ಹತ್ತು ದಾಟುವುದಿಲ್ಲ.
ಪಟ್ಟಿಯಲ್ಲಿ ಅದಕ್ಕೆ ಅಂಕಣವಿರಲಿಲ್ಲ.

ಕೊನೆಯದನ್ನು ಮಲಗುವ ಕೋಣೆಯಿಂದ ತಂದರು,
ಹೆಂಡತಿಯ ಉಣ್ಣೆಯ ಸ್ಕಾರ್ಫಿನಲ್ಲಿ ಸುತ್ತಿ.
ಗೇಣಿಗಿಂತ ಗಿಡ್ಡ.
ಬಿಳಿ, ಕಂದು, ನೀಲಿ, ಮೂರು ಮಣ್ಣು ಮಿದಿದು
ಅಚ್ಚಿಗೊತ್ತಿದ ಮೈ,
ಇಳಿದುಹೋದ ನೀರಿನ ಗುರುತಿನಂತೆ ಗೆರೆ.
'ಕಾರು ಮಾರಿ ಕೊಂಡದ್ದು. ಎನಿಡ್
ಮೂರು ತಿಂಗಳು ಮಾತಾಡಲಿಲ್ಲ,
ಬಸ್ಸಿನಲ್ಲಿ ಬೇರೆ ಸೀಟು ಹುಡುಕುತ್ತಿದ್ದಳು.
ನೋಡಿ, ಎಲ್ಲೂ ಮುಕ್ಕಿಲ್ಲ.'
ಬಲಗಿವಿಯನ್ನು ಮುಂಬಲ್ಲಿಗೆ ತಾಗಿಸಿದರು.
ಟಿಕ್.
'ಕೇಳಿತಾ? ತಣ್ಣಗೆ, ಗಟ್ಟಿ.
ಬಣ್ಣ ಬಳಿದಿದ್ದರೆ ಸದ್ದು ಮೆತ್ತಗಾಗುತ್ತದೆ.'
ಅವರ ಹಲ್ಲು ಕಟ್ಟಿಸಿದ್ದು.
ಮೇಲಿನ ಸಾಲು ಮಾತಿನ ನಡುವೆ ಜಾರುತ್ತಿತ್ತು.

ನಾನು ನೋಡುತ್ತಿದ್ದದ್ದು ಎಡಗಿವಿಯನ್ನು.

ಹ್ಯಾನ್ಲಿಯಲ್ಲಿ ಮಾಂಸದಂಗಡಿಯ ಮೇಲಿನ ಅಟ್ಟ.
ನನಗೆ ಹತ್ತೊಂಬತ್ತು. ಗ್ಯಾಸ್ ಹೀಟರು,
ಮೂರೇ ಕೂದಲಿನ ಕುಂಚ.
ಬ್ಯಾಗ್ನಲ್ ಹೇಳಿದ್ದರು:
'ನಿನ್ನ ಕೆಲಸ ಕಣ್ಣಿಗೆ ಕಂಡರೆ ಸಂಬಳವಿಲ್ಲ.'
ಇಲ್ಲದ ಕಿವಿಯನ್ನು ಅಂಟಿನಲ್ಲಿ ತಿದ್ದಿ
ಹಣೆಯ ಕಂದು ಗೆರೆಯನ್ನು ತುದಿಯವರೆಗೆ ಹತ್ತಿಸಿದೆ.
ಮೂರು ದಿನ ಹಿಡಿಯಿತು.
ವ್ಯಾಪಾರಿ ಬಂದ, ಒಯ್ದ.
ಕೊಳ್ಳುವವರಿಗೆ ಏನಂದನೋ, ನಾನು ಕೇಳಲಿಲ್ಲ.
ಕಣ್ಣು ಮುಚ್ಚಿ ಹಾಲು ಕುಡಿದೆ.
ಬಣ್ಣ ಈಗ ಹಳದಿಗಟ್ಟಿದೆ,
ಕಿವಿಯ ತುದಿ ಮಾತ್ರ ಚಹಾದಲ್ಲಿ ಅದ್ದಿದ ಹಾಗೆ.

ಪೆನ್ನು ದುರಸ್ತಿಯ ಅಂಕಣದಲ್ಲಿ ನಿಂತಿತು.
ಹೊರಗೆ ಯಾರೋ ಕಸದ ಡಬ್ಬ ಎಳೆದುಕೊಂಡು ಹೋದರು,
ಆ ಸದ್ದು ಇಳಿಜಾರಿನುದ್ದಕ್ಕೂ ಹೋಯಿತು.

'ಬರೀರಿ' ಅಂದರು ಹೋರೇಸ್.
'ಎಡಗಿವಿ ಅಂತ ಬರೀರಿ. ಕೊಂಡ ರಾತ್ರಿಯೇ
ಗೊತ್ತಾಗಿತ್ತು, ಆಗ ಹಲ್ಲು ನನ್ನವೇ.
ಅವಳಿಗೆ ಹೇಗೆ ಹೇಳಲಿ? ಕಾರು ಹೋಗಿತ್ತು.
ಭಾನುವಾರ ನೆಂಟರು ಬಂದರೆ
ಅವಳೇ ಇದನ್ನು ತಂದು ಕೈಗಿಡುತ್ತಿದ್ದಳು,
ನಾನು ಬಲಗಿವಿ ಬಡಿದು ತೋರಿಸುತ್ತಿದ್ದೆ.
ಮೂವತ್ತೈದು ವರ್ಷ.
ರೂಢಿ ನೋಡಿ, ಈಗಲೂ ಅದೇ ಕಿವಿಗೆ ಕೈ ಹೋಗುತ್ತೆ.'
ಸ್ಕಾರ್ಫಿನ ಮಡಿಕೆ ಬಿಡಿಸಿ ಮತ್ತೆ ಮಡಿಸಿದರು.
'ಯಾರು ಮಾಡಿದರೋ, ಒಳ್ಳೆ ಕೈ.'

ಬರೆದೆ: ಎಡಗಿವಿ, ತುದಿಯಿಂದ ಬುಡದವರೆಗೆ
ಹೊಸದು. ೧೯೭೯.

ಕನ್ನಡಕ ಏರಿಸಿ ಪಟ್ಟಿ ಓದಿದರು,
ನಿಧಾನವಾಗಿ, ಬೆರಳಿಟ್ಟು.
ಬೆರಳು ಇಸವಿಯ ಮೇಲೆ ನಿಂತಿತು.
ನನ್ನ ಕೈ ನೋಡಿದರು.
ಹೊರಗಿಟ್ಟಿದ್ದ ನನ್ನ ಚೀಲವನ್ನು
ತಾವೇ ಹೋಗಿ ಒಳಗೆ ತಂದರು,
ಬೆಕ್ಕುಗಳ ನಡುವೆ ಜಾಗ ಮಾಡಿ ಇಟ್ಟರು,
'ಸಕ್ಕರೆ ಎಷ್ಟು ಚಮಚ?' ಅಂದರು.